ಸಾಲಿ ಮಗ್ಗಲದ ಕಣ

ನಿಂಬೆವ್ವ ಅತ್ತಿ ಚಕ್ಕಡಿ ಹೊಡೆಯುವಾಗ ಎತ್ತುಗಳಿಗೆ ಒಂದು ಮಾತೂ ಬೈಯುತ್ತಿರಲಿಲ್ಲ. ಬೈಗುಳವೆಲ್ಲ ಎದುರು ಬರುವವರಿಗೆ. ಅಕ್ಕಲಕೋಟೆ ರಸ್ತೆಯಲ್ಲಿ ಟಾಂಗಾದವನು ಅಡ್ಡ ಬಂದನೋ, “ಏ ಟಾಂಗಾದಾವಾ, ರಸ್ತಾ ಏನ ನಿಮ್ಮ ಮಾವ ಬಳುವಳಿ ಕೊಟ್ಟಾನೇನೋ?” ಎಂದು ಒದರುವಳು. ಅಪರೂಪಕ್ಕೆ ಹಿಂದಿನಿಂದ ಮೋಟಾರು ಬಂದು ಭೋಂಗಾ ಬಾರಿಸಿತೆಂದರೆ ತಿರುಗಿಯೂ ನೋಡದೆ, “ಒದರಬ್ಯಾಡ, ನನಗ ಕಿವಿ ಅದಾವ” ಅನ್ನುವಳು. ಅದೇ ಉಸಿರಿನಲ್ಲಿ ಎತ್ತುಗಳ ಕಡೆ ಬಾಗಿ, “ನಡೀರಿ ನನ್ನಪ್ಪಗೋಳ್ರಾ, ಹುಡುಗರಿಗಿ ಸಾಲಿ ಹೊತ್ತಾತು” ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳುವಳು. ಕೈಯಲ್ಲಿ ಬಾರಕೋಲು ಇರುತ್ತಿತ್ತು ನಿಜ. ಆದರೆ ಅದು ಎತ್ತಿನ ಮೈ ಮುಟ್ಟಿದ್ದನ್ನು ನಾನು ಕಾಣೆ. ದಾರಿ ತೋರಿಸಲಿಕ್ಕೆ, ಬೆನ್ನು ಕೆರೆದುಕೊಳ್ಳಲಿಕ್ಕೆ ಮತ್ತು ಚಕ್ಕಡಿಯಲ್ಲಿ ಕುಸ್ತಿಗೆ ಬಿದ್ದ ನಮ್ಮ ತಲೆಗೆ ಕುಟ್ಟಲಿಕ್ಕೆ ಅಷ್ಟೇ ಅದರ ಉಪಯೋಗ.

ಕಚ್ಚೆ ಹಾಕಿದ ಇಳಕಲ್ ಸೀರೆ, ಹಣೆಯಲ್ಲಿ ಮೂರು ಬೆರಳ ವಿಭೂತಿ, ತಲೆಯ ಮೇಲೆ ಗಟ್ಟಿಯಾಗಿ ಎಳೆದ ಸೆರಗು, ಚಕ್ಕಡಿಯ ಮೂಕಿಮರದ ಮೇಲೆ ಮಡಿಸಿ ಹಾಕಿದ ಕೌದಿ, ಅದರ ಮೇಲೆ ಅತ್ತಿ. ಹೆಣ್ಣುಮಗಳು ಚಕ್ಕಡಿ ಹೊಡೆದುಕೊಂಡು ಪ್ಯಾಟೆಗೆ ಬರುವುದನ್ನು ಸೊಲ್ಲಾಪುರದ ಮಂದಿ ಅಲ್ಲಿಯತನಕ ನೋಡಿರಲಿಲ್ಲ. ಮೊದಮೊದಲು ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನೋಡಿದರು. ಅತ್ತಿಯೂ ಅವರನ್ನು ನೋಡಿದಳು. ಕಡೆಗೆ ಅವರೇ ಒಳಗೆ ಹೋದರು.

ಅತ್ತಿ ನಮ್ಮಪ್ಪನ ಅಕ್ಕ. ಅವಳನ್ನು ಅಕ್ಕಲಕೋಟೆಗೆ ಕೊಟ್ಟಿದ್ದರು. ಗಂಡ ಸಣ್ಣ ವಯಸ್ಸಿನಲ್ಲೇ ಜಡ್ಡು ಬಿದ್ದು ತೀರಿಕೊಂಡ. ಮಕ್ಕಳಿರಲಿಲ್ಲ. ಮೈದುನರು ಹೊಲ, ಬಂಗಾರ ಎಂದು ಮಾತು ತೆಗೆದಾಗ, “ನಿಮ್ಮ ಹೊಲ ನಿಮಗಿರಲಿ, ನಾ ಕೈಯಾರೆ ಹಾಲ ಕುಡಿಸಿ ಬೆಳಿಸಿದ ಈ ಜೋಡಿ ಕೊಡ್ರಿ ಸಾಕು” ಎಂದು ಎರಡು ಖಿಲ್ಲಾರಿ ಹೋರಿಗಳನ್ನು ಚಕ್ಕಡಿಗೆ ಕಟ್ಟಿಕೊಂಡು ನಮ್ಮೂರು ಕುಂಭಾರಿಗೆ ತಾನೇ ಹೊಡೆದುಕೊಂಡು ಬಂದಳು. ಒಂದರ ಹೆಸರು ರಾಜಾ, ಇನ್ನೊಂದರದು ದಿವಾನ. “ಸಂಸ್ಥಾನದೂರಿಂದ ಬಂದಾವ, ಹೆಸರೂ ಹಂಗ ಇರಬೇಕು” ಅನ್ನುತ್ತಿದ್ದಳು. ರಾಜಾ ಸಮಾಧಾನಿ. ದಿವಾನ ಮಹಾ ಕಿಡಿಗೇಡಿ. ಯಾರ ಕೈಯಲ್ಲಿ ಏನಿದ್ದರೂ ಬಾಯಿ ಹಾಕುವ ಸ್ವಭಾವ.

ನಾನು ಊರ ಶಾಲೆ ಮುಗಿಸಿದಾಗ ಮುಂದಿನ ಮಾತೇ ಇರಲಿಲ್ಲ. ಭಂಡಾರಕವಠೆಯ ದೊಡ್ಡ ಒಕ್ಕಲುತನದ ಮನೆಯವರು ಆಗಲೇ ಮಗನಿಗೆಂದು ನನ್ನನ್ನು ನೋಡಿ, ಉಪ್ಪಿಟ್ಟು ತಿಂದು, ಹೂಂ ಅಂದು ಹೋಗಿದ್ದರು. ನಾನು ಮಾತ್ರ ಸೊಲ್ಲಾಪುರದ ಹೈಸ್ಕೂಲಿಗೆ ಹೋಗುತ್ತೇನೆಂದು ಊಟ ಬಿಟ್ಟು ಕೂತಿದ್ದೆ. ಅಪ್ಪ ಕೆಟ್ಟವನಲ್ಲ. ಅವನಿಗೆ ತೊಡಕಾದದ್ದು ದಾರಿ.

“ಸೊಲ್ಲಾಪುರ ಏನ ಬಾಜೂ ಮನಿ ಏನ ಯಕ್ಕಾ? ಹೆಣ್ಣ ಹುಡುಗಿ. ದಿನಾ ಹ್ಯಾಂಗ ಹೋಗಬೇಕು, ಹ್ಯಾಂಗ ಬರಬೇಕು?”

“ಚಕ್ಕಡ್ಯಾಗ.”

“ಹೊಡ್ಯಾವರು ಯಾರು? ನನಗ ಹೊಲ ಅದ.”

“ನನ್ನ ಕೈ ಏನ ಬಿದ್ದ ಹೋಗ್ಯಾವೇನೋ ಮಲ್ಲೂ? ಅಕ್ಕಲಕೋಟಿಂದ ಇಲ್ಲೀತನಕ ಹೊಡಕೊಂಡ ಬಂದಾಕಿ ನಾನು. ಸೊಲ್ಲಾಪುರ ಯಾವ ಲೆಕ್ಕ?”

ಅಪ್ಪ ಬಹಳ ಹೊತ್ತು ಮೀಸೆ ತಿರುವಿದ. ಆಮೇಲೆ ಒಂದು ಕರಾರು ಹಾಕಿದ: “ಚಕ್ಕಡಿ ಎಲ್ಲೀತನಕ ನಡೀತದೋ ಅಲ್ಲೀತನಕ ಇಕಿ ಸಾಲಿ. ಚಕ್ಕಡಿ ನಿಂತಿತು ಅಂದ್ರ ಸಾಲೀನೂ ನಿಂತಿತು. ಭಂಡಾರಕವಠೆದವರಿಗೆ ಮಾತ ಕೊಡಾವ ನಾನು. ಆಮ್ಯಾಲ ಯಾರೂ ನನಗ ಏನೂ ಅನಬ್ಯಾಡ್ರಿ.” ಅತ್ತಿ ಆಗಲಿ ಅಂದಳು. ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಹೀಗೆ ನಮ್ಮ ಚಕ್ಕಡಿ ಶುರುವಾಯಿತು. ಮೊದಲ ದಿನ ನಾನೊಬ್ಬಳೇ. ವಾರ ಕಳೆಯುವುದರೊಳಗೆ, ಇಷ್ಟು ದಿನ ನಡೆದು ಹೋಗಿ ಅರ್ಧ ದಾರಿಯಲ್ಲೇ ಮನಸ್ಸು ಬದಲಿಸುತ್ತಿದ್ದ ಗಂಡುಹುಡುಗರೆಲ್ಲ ಹತ್ತಿಕೊಂಡರು. ದಾರಿಯ ತೋಟಪಟ್ಟಿಗಳಿಂದಲೂ ಹುಡುಗರು ಓಡಿ ಬಂದು ನೇತಾಡುತ್ತಿದ್ದರು. ಅತ್ತಿ ಯಾರಿಗೂ ಬೇಡವೆನ್ನಲಿಲ್ಲ. ಆದರೆ ಅವಳ ಚಕ್ಕಡಿಯಲ್ಲಿ ಸುಮ್ಮನೆ ಕೂಡುವಂತಿಲ್ಲ. ಮಗ್ಗಿ ಹೇಳಬೇಕು. ನಮ್ಮ ಮಗ್ಗಿ ಮರಾಠಿಯಲ್ಲಿ. “ಬೇ ಏಕಂ ಬೇ, ಬೇ ದುಣೆ ಚಾರ್” ಎಂದು ನಾವು ಒದರುವುದು, ಎತ್ತುಗಳು ಅದರ ತಾಳಕ್ಕೆ ಹೆಜ್ಜೆ ಹಾಕುವುದು. ದೊಡ್ಡ ಮಗ್ಗಿಗೆ ಬಂದಾಗ ನಾವು ತಡವರಿಸಿದರೆ ಎತ್ತುಗಳೂ ನಿಧಾನವಾಗುತ್ತಿದ್ದವು. ಅತ್ತಿಗೆ ಸಿಟ್ಟು: “ನಿಮ್ಮ ದಡ್ಡತನಕ್ಕ ನನ್ನ ಎತ್ತ ಯಾಕ ನಿಲ್ಲಬೇಕು? ಹೇಳ್ರಿ ಗಟ್ಟ್ಯಾಗಿ!”

ಒಂದು ಮಾತು ಇಲ್ಲಿ ಹೇಳಬೇಕು. ಬೆಳಿಗ್ಗೆ ನಮ್ಮನ್ನು ಬಿಟ್ಟು, ಊರಿಗೆ ಹಿಂತಿರುಗಿ, ಸಂಜೆ ಮತ್ತೆ ಬರುವುದಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹಾಗೆ ಮಾಡಿದರೆ ಎತ್ತು ವರ್ಷದೊಳಗೆ ಸೊರಗಿ ಹೋಗುತ್ತಿದ್ದವು. ಅದಕ್ಕೇ ಅತ್ತಿ ದಿನವಿಡೀ ಶಾಲೆಯ ಹತ್ತಿರವೇ ಇರಬೇಕಿತ್ತು. ಶಾಲೆಯ ಆವರಣದ ಮೂಲೆಯಲ್ಲೊಂದು ಬೇವಿನ ಗಿಡ. ಅದರ ನೆರಳಿಗೆ ಚಕ್ಕಡಿ ಬಿಟ್ಟು, ಎತ್ತು ಕಟ್ಟಿ, ಮೇವಿಗೆ ಜೋಳದ ಕಣಿಕೆ ಹಾಕಿ, ಅತ್ತಿ ಕೌದಿ ಹೊಲಿಯುತ್ತ ಕೂಡುವಳು. ಪ್ಯಾಟೆಯ ಹುಡುಗರ ಸೈಕಲ್ಲುಗಳು ವರಾಂಡದ ಗೋಡೆಗೆ ಆತು ನಿಲ್ಲುತ್ತಿದ್ದವು. ಒಬ್ಬಿಬ್ಬರು ಶ್ರೀಮಂತರ ಮಕ್ಕಳು ಟಾಂಗಾದಲ್ಲಿ ಬಂದು ಇಳಿಯುತ್ತಿದ್ದರು. ಗೇಟಿನಲ್ಲಿ ದಿನಾ ಬೆಳಿಗ್ಗೆ ಟಾಂಗಾ, ಸೈಕಲ್ಲು, ಚಕ್ಕಡಿ ಒಂದಕ್ಕೊಂದು ಸಿಕ್ಕಿ ಗದ್ದಲವೋ ಗದ್ದಲ. ಅತ್ತಿಯ ದನಿ ಎಲ್ಲರಿಗಿಂತ ಮೇಲೆ. ತರಗತಿಯ ಮುಂದಿನ ಬೆಂಚಿನಲ್ಲಿ ನಾವು ಬೆರಳೆಣಿಕೆಯ ಹುಡುಗಿಯರು ಕೂತಿರುತ್ತಿದ್ದೆವು. ಆ ದನಿ ಕಿಟಕಿಯಿಂದ ಬಂದಾಗ ಉಳಿದವರು ನಗುತ್ತಿದ್ದರು. ನನಗೇನೂ ನಾಚಿಕೆ ಆಗುತ್ತಿರಲಿಲ್ಲ. ಅತ್ತಿ ಹೊರಗಿದ್ದಾಳೆ ಎಂದರೆ ಎದೆ ಎರಡು ಪಟ್ಟಾಗುತ್ತಿತ್ತು.

ಹೆಡ್‌ಮಾಸ್ತರರು ಜೋಶಿ ಎಂದು. ಬಿಳಿ ಧೋತರ, ಕರಿ ಟೋಪಿ, ಮೈಮೇಲೆ ಒಂದು ಧೂಳಿನ ಕಣ ಕೂಡದು. ಒಳ್ಳೆಯ ಮನುಷ್ಯ, ಆದರೆ ಸ್ವಚ್ಛತೆಯ ಹುಚ್ಚು. ಅತ್ತಿಗೂ ಸ್ವಚ್ಛತೆಯ ಹುಚ್ಚೇ. ಎತ್ತು ಹೆಂಡಿ ಹಾಕಿದ್ದೇ ತಡ, ಸಗಣಿ ಆರುವ ಮೊದಲೇ ಎತ್ತಿಬಿಡುವಳು. ಇಬ್ಬರ ಸ್ವಚ್ಛತೆ ಒಂದೇ ಅಲ್ಲ ಅನ್ನುವುದು ದಿಪುಟಿ ಸಾಹೇಬರು ಬರುವ ದಿನ ಗೊತ್ತಾಯಿತು.

ದಿಪುಟಿ ಅಂದರೆ ಶಾಲೆ ತಪಾಸಣೆಗೆ ಬರುವ ಅಧಿಕಾರಿ. ಅವರು ಬರುತ್ತಾರೆಂದು ಮಾಸ್ತರರು ರಸ್ತೆಯ ಕಡೆಯ ಉದ್ದ ಗೋಡೆಗೆ ಸುಣ್ಣ ಬಳಿಸಿದ್ದರು. ಹಾಲಿನಂತೆ ಹೊಳೆಯುತ್ತಿತ್ತು ಗೋಡೆ. ಅತ್ತಿ ಅದನ್ನು ನೋಡಿದಳು. ಬೆಳಗಿನಿಂದ ಸಂಜೆತನಕ ಬಿಸಿಲು ಬೀಳುವ ಗೋಡೆ, ನುಣುಪಾಗಿ, ಖಾಲಿಯಾಗಿ. ಒಕ್ಕಲಗಿತ್ತಿಯ ಜೀವ ತಡೆದೀತೇ? ನಾವು ಒಳಗೆ ಪ್ರಾರ್ಥನೆ ಹೇಳುತ್ತಿರುವಾಗ ಅತ್ತಿ ಕೂಡಿಟ್ಟ ಹೆಂಡಿಯನ್ನೆಲ್ಲ ಹೊಟ್ಟು ಕಲಸಿ ಹದಮಾಡಿ, ಗೋಡೆಯ ಈ ತುದಿಯಿಂದ ಆ ತುದಿಗೆ ಒಲೆಗೆ ಹಾಕುವ ಕುಳ್ಳು ತಟ್ಟಿದಳು. ಸುಣ್ಣದ ಮೇಲೆ ಸಾಲು ಸಾಲು, ಪ್ರತಿಯೊಂದರ ಮೇಲೆ ಐದು ಬೆರಳು. ಶಾಲೆಗೆ ಉಪಕಾರ ಮಾಡಿದೆನೆಂಬ ತೃಪ್ತಿಯಿಂದ ಕೈ ತೊಳೆದುಕೊಂಡು ಬರುವಷ್ಟರಲ್ಲಿ ದಿಪುಟಿ ಸಾಹೇಬರ ಟಾಂಗಾ ಅದೇ ಗೋಡೆಯ ಮುಂದೆ ಬಂದು ನಿಂತಿತು.

ದಿಪುಟಿ ಸಾಹೇಬರು ನಕ್ಕರಂತೆ. ಜೋಶಿ ಮಾಸ್ತರರು ನಗಲಿಲ್ಲ. ಸಾಹೇಬರು ಹೋದಮೇಲೆ ಬೇವಿನ ಗಿಡದ ಕೆಳಗೆ ಬಂದರು. ಸಿಟ್ಟು ಬಂದರೆ ಅವರಿಗೆ ಮೊದಲು ಮರಾಠಿ ಬರುತ್ತಿತ್ತು.

“ಅಹೋ ಬಾಯಿ, ಹೇ ಕಾಯ್ ಕೇಲಂತ? ಏನ ಮಾಡಿಟ್ಟೀರಿ? ಇದು ಸಾಲಿ ಅದ, ದನದ ಕೊಟ್ಟಿಗಿ ಅಲ್ಲ!”

ಅತ್ತಿ ನಿಜವಾಗಿಯೂ ಆಶ್ಚರ್ಯಪಟ್ಟಳು. “ಯಾಕ್ರಿ ಮಾಸ್ತರ್ರ? ಸಾಲಾಗಿ ಬಡದೀನಿ. ಒಂದ ಸೊಟ್ಟ ಇದ್ರ ತೋರಸ್ರಿ. ಒಣಗಲಿ, ನಿಮ್ಮ ಸಿಪಾಯಿ ಮನ್ಯಾಗ ಮಳಿಗಾಲ ಪೂರ್ತಿ ಒಲಿ ಉರೀತದ.”

“ನಾಳಿಂದ ಗೇಟಿನ ಒಳಗ ಚಕ್ಕಡಿ ಇಲ್ಲ. ಎತ್ತ ಇಲ್ಲ. ಮುಗೀತು ಮಾತು!”

ಮಾಸ್ತರರು ಹೋದಮೇಲೆ ಅತ್ತಿ ಕೌದಿ ಮಡಿಸುತ್ತ ನನಗೆ ಹೇಳಿದಳು: “ಓದಿದವರು ನೋಡ, ಸುಣ್ಣಾ ಹಚ್ಚಿ ಗ್ವಾಡಿ ಸುಮ್ಮ ನಿಲ್ಲಸತಾರ.”

ಮರುದಿನ ಗೇಟಿನ ಹೊರಗೆ ರಸ್ತೆಯ ಬದಿಗೆ ಚಕ್ಕಡಿ ನಿಂತಿತು. ಅಲ್ಲಿ ನೆರಳಿಲ್ಲ, ನೀರಿಲ್ಲ. ಅತ್ತಿ ಕೊಡ ಹಿಡಿದು ನೀರಿಗೆ ಹೋದಾಗ, ರಸ್ತೆಯಲ್ಲಿ ದನ ಕಟ್ಟಬಾರದೆಂದು ಮುನ್ಸಿಪಾಲ್ಟಿಯ ಇಬ್ಬರು ಸಿಪಾಯಿಗಳು ಬಂದು ರಾಜಾ ಮತ್ತು ದಿವಾನರನ್ನು ಹೊಡೆದುಕೊಂಡು ಹೋಗಿ ಕೊಂಡವಾಡಕ್ಕೆ ಹಾಕಿದರು. ಬಿಡಾಡಿ ದನಗಳನ್ನು ಕೂಡಿಹಾಕುವ ಜಾಗ ಅದು. ದನಕ್ಕೆ ಕೊಂಡವಾಡ ಅಂದರೆ ಮನುಷ್ಯನಿಗೆ ಜೇಲು ಇದ್ದಹಾಗೆ. ಮರ್ಯಾದಸ್ಥರ ಎತ್ತು ಅಲ್ಲಿಗೆ ಹೋಗುವುದೆಂದರೆ ಮನೆತನಕ್ಕೆ ಅವಮಾನ. ಶಾಲೆ ಬಿಟ್ಟಮೇಲೆ ನಾವು ಅಳುಮೋರೆ ಮಾಡಿಕೊಂಡು ಹುಡುಕುತ್ತ ಹೋದರೆ, ಅತ್ತಿ ಕೊಂಡವಾಡದ ಒಳಗೆ ಎತ್ತುಗಳ ನಡುವೆ ಕೌದಿ ಹಾಸಿಕೊಂಡು ಕೂತಿದ್ದಳು. ಅಲ್ಲಿಯ ಕಾರಕೂನ ಹೊರಗೆ ನಿಂತು ಕೈ ಮುಗಿಯುತ್ತಿದ್ದ.

“ದಂಡಾ ಕಟ್ಟೀರಿ ಬಾಯಿ, ಬಿಟ್ಟೀವಿ. ಎತ್ತ ಹೊಡಕೊಂಡ ಹೋಗ್ರಿ ಇನ್ನ!”

“ತಡಿಯಪ್ಪ, ನೋಡಾಕತ್ತೀನಿ. ಮ್ಯಾಲ ತಗಡ ಅದ. ಮೇವಿನ ಗ್ವಾದ್ಲಿ ಅದ. ನೀರಿನ ಡೋಣಿ ಅದ. ಇಷ್ಟ ಛಲೋ ಜಾಗಾ ಇಟಗೊಂಡು ಮಂದೀಗ್ಯಾಕ ಹೇಳಿಲ್ಲ ನೀವು?”

ಮರುದಿನ ಬೆಳಿಗ್ಗೆ ನಮ್ಮನ್ನು ಗೇಟಿನಲ್ಲಿ ಇಳಿಸಿ, ಅತ್ತಿ ನೇರ ಕೊಂಡವಾಡಕ್ಕೆ ಚಕ್ಕಡಿ ಹೊಡೆದಳು. ಎತ್ತು ಬಿಚ್ಚಿ ಕಾರಕೂನನ ಮುಂದೆ ನಿಲ್ಲಿಸಿ, “ತಗೋರಿ, ಸಂಜೀಕ ಒಯ್ತೀನಿ” ಅಂದಳು. ಅವನು ಕಂಗಾಲಾದ. ಸಿಪಾಯಿ ಹಿಡಿದು ತಂದ ದನಕ್ಕೆ ಮಾತ್ರ ಕಾಯದೆ ಉಂಟು, ಮಾಲಕರೇ ತಂದ ದನಕ್ಕೆ ಇಲ್ಲ ಎಂದು ತಲೆ ಚಚ್ಚಿಕೊಂಡು ಹೇಳಿದ. “ಹಂಗಾದ್ರ ನಿಮ್ಮ ಸಿಪಾಯಿಗೆ ಹೇಳ್ರಿ, ಇಲ್ಲೇ ನನ್ನ ಕಡಿಂದ ಹಿಡೀಲಿ” ಅಂದಳು ಅತ್ತಿ. ಆ ಉಪಾಯ ನಡೆಯಲಿಲ್ಲ. ಆದರೆ ಆ ಕಾರಕೂನ ಮುಂದೆ ಎಷ್ಟೋ ವರ್ಷ ಆಕೆಯನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ.

ಊರಿಗೆ ಸುದ್ದಿ ಮುಟ್ಟಿತು. ಅಪ್ಪನ ಮುಖ ಕಪ್ಪಿಟ್ಟಿತ್ತು. “ನಮ್ಮ ಎತ್ತ ಕೊಂಡವಾಡ ಕಂಡೂ ಯಕ್ಕಾ. ಸಾಕಿನ್ನ. ಈ ವಾರ ಹೋಗ್ರಿ. ಮುಂದಿನ ಸೋಮವಾರ ನಾ ಭಂಡಾರಕವಠಿಗಿ ಹೋಗಿ ಮಾತ ಕೊಟ್ಟ ಬರ್ತೀನಿ.”

ನಾನು ಅಡಿಗೆಮನೆಯ ಮೂಲೆ ಹಿಡಿದು ಅಳುತ್ತ ಕೂತೆ. ಅತ್ತಿ ಒಳಗೆ ಬಂದಳು. ಸಮಾಧಾನ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. “ಕಮಳೀ, ನೀ ಅತ್ತರ ಎತ್ತ ಎಲ್ಲಿ ನಿಲ್ಲತಾವ? ಸುಮ್ಮನಿರು. ನನಗ ವಿಚಾರ ಮಾಡಾಕ ಬಿಡು” ಎಂದಳು. ವಿಚಾರ ಮಾಡುವುದೆಂದರೆ ಅತ್ತಿ ಎಲೆ ಅಡಿಕೆ ಹಾಕಿಕೊಂಡು ಕಣ್ಣು ಸಣ್ಣ ಮಾಡಿ ಕೂಡುವುದು. ಎರಡು ಸಲ ಎಲೆ ಹಾಕಿಕೊಂಡಳು. ಆಮೇಲೆ ಎದ್ದು ಅಪ್ಪ ತನ್ನ ಪಾಲಿಗೆ ಬಿಟ್ಟಿದ್ದ ಹೊಲದ ಜೋಳದ ತೆನೆಯನ್ನೆಲ್ಲ ಚಕ್ಕಡಿಗೆ ಹೇರತೊಡಗಿದಳು.

ಶಾಲೆಯ ಮಗ್ಗಲಿಗೆ ಒಂದು ದೊಡ್ಡ ಖಾಲಿ ಜಾಗ ಇತ್ತು. ಸುತ್ತ ತಂತಿಬೇಲಿ, ಒಳಗೆ ಬಂದವರ ಮೇಲೆ ಖಟ್ಲೆ ಹಾಕಲಾಗುವುದೆಂದು ಮರಾಠಿಯಲ್ಲಿ ಫಲಕ. ಜಾಗ ತಾತ್ಯಾ ವಕೀಲರದು. ಎದುರಿನ ಮಾಳಿಗೆ ಮನೆಯೂ ಅವರದೇ. ಮಗನಿಗೆ ಬಂಗಲೆ ಕಟ್ಟಿಸಬೇಕೆಂದು ಇಟ್ಟುಕೊಂಡಿದ್ದ ಆ ಜಾಗದಲ್ಲಿ ಚೆಂಡು ಬಿದ್ದರೂ ಹುಡುಗರು ಆಸೆ ಬಿಡುತ್ತಿದ್ದರು. ಬೇಲಿಯ ಬಾಗಿಲಿಗೆ ಬರಿ ಒಂದು ತಂತಿಯ ಕೊಂಡಿ. ವಕೀಲರ ಹೆಸರೇ ಅದರ ಕೀಲಿ.

ಮರುದಿನ ನಾವೆಲ್ಲ ತೆನೆಯ ರಾಶಿಯ ಮೇಲೆ ಕೂತು ಬಂದೆವು. ಚಕ್ಕಡಿಯ ಕೆಳಗೆ ಬನ್ನಿ ಕಟ್ಟಿಗೆಯ ಒಂದು ಕಂಬ ಕಟ್ಟಿತ್ತು. ಅತ್ತಿ ಕೊಂಡಿ ತೆಗೆದು ಚಕ್ಕಡಿ ಒಳಗೆ ಹೊಡೆದಳು. ಜಾಗದ ನಡುವೆ ಹಾರೆಯಿಂದ ಗುಣಿ ತೋಡಿದಳು. ಆ ಕಂಬ ಕಣದ ಮೇಟಿ. ಜೋಳ ತುಳಿಸುವಾಗ ಎತ್ತುಗಳು ಸುತ್ತುವ ನಡುಗಂಬ. ನಮ್ಮ ಕಡೆಯಲ್ಲಿ ಮೇಟಿ ಹುಗಿದು ಪೂಜೆ ಮಾಡಿದರೆ ಆ ನೆಲ ದೇವರ ಮನೆ ಇದ್ದಹಾಗೆ. ಕಾಲಲ್ಲಿ ಮೆಟ್ಟು ಹಾಕಿಕೊಂಡು ಯಾರೂ ಅದರೊಳಗೆ ಕಾಲಿಡುವುದಿಲ್ಲ. ರಾಶಿ ಆಗುವತನಕ, ಅಂದರೆ ಕಡೆಯ ತೆನೆ ತುಳಿದು ಕಡೆಯ ಕಾಳು ಎತ್ತುವತನಕ, ಮೇಟಿಯನ್ನು ಯಾರೂ ಕೀಳುವುದಿಲ್ಲ. ಹೊಲದ ಜಗಳದಲ್ಲಿ ತಲೆ ಒಡೆದುಕೊಂಡವರು ಕೂಡ ಒಬ್ಬರು ಇನ್ನೊಬ್ಬರ ಮೇಟಿಗೆ ಕೈ ಹಚ್ಚಿದ್ದಿಲ್ಲ.

“ನಾ ಹಚ್ಚಾಂಗಿಲ್ಲ ಕೈ,” ಅಂದಳು ಅತ್ತಿ. “ಗಂಡ ಸತ್ತಾಕಿ ಹುಗದಾಳ ಅಂತ ನಾಳೆ ಯಾವನರೆ ತಕರಾರ ತಗದಾನು. ನೀವ ಹುಗೀರಿ. ಈ ಮೇಟಿ ಸಾಲಿ ಹುಡುಗೂರದು.” ನಾವೆಲ್ಲ ಸೇರಿ ಕಂಬ ಎತ್ತಿ ನಿಲ್ಲಿಸಿದೆವು. ತುದಿಗೆ ತೆನೆಯ ಸಿವುಡು ಕಟ್ಟಿದೆವು, ವಿಭೂತಿ ಹಚ್ಚಿದೆವು, ಹರ ಹರ ಮಹಾದೇವ ಎಂದು ಕಾಯಿ ಒಡೆದೆವು. ಶಾಲೆಯ ಗಂಟೆ ಬಾರಿಸಿತು, ನಾವು ಓಡಿದೆವು. ಅತ್ತಿ ತೆನೆ ಹರವಿ, ಎತ್ತು ಹೂಡಿ, ಯಾವ ಅವಸರವೂ ಇಲ್ಲದೆ ಜೋಳ ತುಳಿಸತೊಡಗಿದಳು.

ಮಧ್ಯಾಹ್ನದ ಸೂಟಿಯಲ್ಲಿ ನಾವೆಲ್ಲ ಶಾಲೆಯ ಗೋಡೆ ಹತ್ತಿ ಕೂತಿದ್ದೆವು. ಕೋರ್ಟಿನಿಂದ ಊಟಕ್ಕೆ ಬಂದ ತಾತ್ಯಾ ವಕೀಲರು ತಮ್ಮ ಜಾಗದಲ್ಲಿ ಎತ್ತು ತಿರುಗುವುದನ್ನು ಕಂಡರು. ಕರಿ ಕೋಟು, ಪಗಡಿ, ಕಾಲಲ್ಲಿ ಹೊಳೆಯುವ ಪಂಪ್ ಶೂ, ಕೈಯಲ್ಲಿ ಕೊಡೆ. “ಕೋಣ್ ಆಹೇ ರೇ ತಿಕಡೇ! ಯಾರ ಅಲ್ಲಿ!” ಎಂದು ಗುಡುಗುತ್ತ ಬೇಲಿ ದಾಟಿ ಬಂದರು. ನನ್ನ ಶಾಲೆ, ಭಂಡಾರಕವಠೆ, ಎಲ್ಲ ಆ ಕೊಡೆಯ ತುದಿಯಲ್ಲಿತ್ತು. ವಕೀಲರು ಕಣದ ಅಂಚಿಗೆ ಬಂದರು. ಮುಂದಿಟ್ಟ ಕಾಲು ಹಾಗೇ ನಿಂತಿತು. ಮೇಟಿ ನೋಡಿದರು. ಅದರ ಮೇಲಿನ ವಿಭೂತಿ ನೋಡಿದರು. ಆಮೇಲೆ ಬಗ್ಗಿ ಒಂದು ಶೂ ಕಳೆದರು, ಇನ್ನೊಂದು ಕಳೆದರು. ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಕಾಲಿಟ್ಟರು. ತಾವು ಸಿಟ್ಟಿನಲ್ಲಿ ಬಂದವರೆಂಬುದು ಅವರಿಗೆ ಆಗ ನೆನಪಾಗಿರಬೇಕು; ಮತ್ತೆ ಒದರತೊಡಗಿದರು. ಬರಿಗಾಲಲ್ಲಿ ನಿಂತು ಒದರುವ ವಕೀಲರನ್ನು ಕಂಡು ನನ್ನ ಅರ್ಧ ಹೆದರಿಕೆ ಅಲ್ಲೇ ಹೋಯಿತು.

“ಯಾರನ ಕೇಳಿ ಮೇಟಿ ಹುಗದಿ ಬಾಯಿ? ಈ ಜಾಗಾ ನಂದು!”

“ನಿಮ್ಮದ ರೀ ಸಾಹೇಬ್ರ. ನಂದು ಅಂತ ಯಾರಂದಾರ? ಕಣ ಅಷ್ಟ ನಂದು. ರಾಶಿ ಆತಂದ್ರ ಕಿತಗೊಂಡ ಹೋಗ್ತೀನಿ.”

“ಯಾವಾಗ ಆಗ್ತದ ರಾಶಿ?”

“ಕಣದಾಗ ನಿಂತು ಅದನ್ನ ಕೇಳತಾರೇನ್ರಿ? ನೀವೂ ಒಕ್ಕಲುತನದ ಮನ್ಯಾವ್ರ ಕಾಣತೀರಿ. ಮೆಟ್ಟ ಕಳದ ಬಂದ್ರಿ. ಯಾವೂರ್ರಿ ನಿಮ್ಮದು?”

ವಕೀಲರು ಕೊಡೆ ಕೆಳಗಿಳಿಸಿದರು. “ಮಂಗಳವೇಢೆ,” ಅಂದರು. ದನಿ ಅರ್ಧಕ್ಕಿಳಿದಿತ್ತು.

“ಮತ್ತ! ಜ್ವಾಳದ ಸೀಮಿಯವರು! ನಿಮಗ ನಾ ಏನ ಹೇಳ್ಲಿ? ಬರ್ರಿ, ಕೂಡ್ರಿ. ಬಿಸಲಾಗ ಬಂದೀರಿ.”

ಅವರು ಕೂಡಲಿಲ್ಲ. ಆದರೆ ಒಂದು ತೆನೆ ಎತ್ತಿ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳು ಬಾಯಿಗೆ ಹಾಕಿಕೊಂಡರು. ಅಗಿಯುತ್ತ ಬಹಳ ಹೊತ್ತು ನಿಂತರು. ತಮ್ಮ ತಂದೆ ಕಣದಲ್ಲಿ ಹಂತಿಯ ಎತ್ತು ಹೊಡೆಯುವಾಗ ಹಾಡುತ್ತಿದ್ದರೆಂದೂ, ತಾವು ಇಂಗ್ರಜಿ ಕಲಿಯಲಿಕ್ಕೆ ಪ್ಯಾಟೆಗೆ ಬಂದಮೇಲೆ ಕಣ ಕಂಡೇ ಇಲ್ಲವೆಂದೂ ಹೇಳಿದರು. ಅತ್ತಿ ಅದೇ ಸಮಯ ಸಾಧಿಸಿ ನನ್ನನ್ನು ಗೋಡೆಯ ಮೇಲೆ ತೋರಿಸಿದಳು. “ಆಕಿ ನೋಡ್ರಿ, ನಮ್ಮ ಮಲ್ಲೂನ ಮಗಳು. ಎತ್ತಿಗಿ ಜಾಗಾ ಇಲ್ಲಂದ್ರ ಆಕಿ ಸಾಲಿ ಇಲ್ಲ. ನೀವ ಕಲೀಬೇಕಾದ್ರ ನಿಮ್ಮಪ್ಪ ಎಲ್ಲಿ ಚಕ್ಕಡಿ ಬಿಡತಿದ್ರು?”

ವಕೀಲರು ಕಣದ ಹೊರಗೆ ಬಂದರು. ಶೂ ಹಾಕಿಕೊಳ್ಳುತ್ತ, “ರಾಶಿ ಆಗೂತನಕ ಅಷ್ಟ. ಆಮ್ಯಾಲ ಒಂದ ದಿನಾನೂ ಇಲ್ಲ” ಅಂದರು.

“ನನ್ನ ಮಾತಂದ್ರ ಮಾತ್ರೀ ಸಾಹೇಬ್ರ,” ಅಂದಳು ಅತ್ತಿ.

ಸೋಮವಾರ ಅಪ್ಪ ಭಂಡಾರಕವಠೆಗೆ ಹೋಗಲಿಲ್ಲ. ಚಕ್ಕಡಿ ನಡೆದಿತ್ತಲ್ಲ, ಕರಾರು ಕರಾರೇ.

ಇನ್ನು ಆ ರಾಶಿಯ ಸಂಗತಿ. ಒಂದು ಚಕ್ಕಡಿ ತೆನೆ ತುಳಿಯಲಿಕ್ಕೆ ಎರಡು ಎತ್ತಿಗೆ ಎಷ್ಟು ಹೊತ್ತು ಬೇಕು ಅನ್ನುವುದು ಒಕ್ಕಲಿಗರಿಗೆ ಗೊತ್ತು. ಅತ್ತಿಯ ರಾಶಿ ಆ ವರ್ಷದ ಪರೀಕ್ಷೆ ದಾಟಿತು, ಮಳೆಗಾಲ ದಾಟಿತು, ಮರುವರ್ಷದ ಸುಗ್ಗಿಗೆ ಹೊಸ ತೆನೆ ಬಂದು ಕೂಡಿಕೊಂಡಿತು. ಮೇಟಿಯ ಬುಡಕ್ಕೆ ಯಾವಾಗಲೂ ಒಂದು ಹಿಡಿ ತೆನೆ ತುಳಿಸದೆ ಉಳಿದಿರುತ್ತಿತ್ತು. ತಾತ್ಯಾ ವಕೀಲರು ದಿನಾ ಕೋರ್ಟಿಗೆ ಹೋಗುವಾಗ ಬೇಲಿಯ ಹೊರಗೆ ನಿಂತು ಕೇಳುತ್ತಿದ್ದರು: “ಏನ ನಿಂಬೆವ್ವಬಾಯಿ, ರಾಶಿ ಆತೇನ?” ಅತ್ತಿ ಸೂಜಿಯಿಂದ ಕಣ್ಣು ಎತ್ತದೆ, “ಇನ್ನ ಒಂದೀಟ ಉಳದಾವ್ರೀ ಸಾಹೇಬ್ರ” ಅನ್ನುತ್ತಿದ್ದಳು. ವಕೀಲರು ತಲೆ ಆಡಿಸಿ ಹೋಗುವರು. ಅವರಿಗೆ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬೇಡಿ. ಸೊಲ್ಲಾಪುರ ಕೋರ್ಟಿನಲ್ಲಿ ಅವರನ್ನು ಮೋಸಗೊಳಿಸುವವರು ಹುಟ್ಟಿರಲಿಲ್ಲ.

ಎರಡು ಮೂರು ವರ್ಷಗಳಲ್ಲಿ ಸೈಕಲ್ಲುಗಳ ಕಾಲ ಬಂತು. ವರಾಂಡ ಸಾಲದಾಯಿತು. ಒಂದು ಬಿದ್ದರೆ ಸಾಲು ಪೂರ್ತಿ ಬೀಳುವುದು, ಮಾಸ್ತರರು ಪಾಠ ಬಿಟ್ಟು ಓಡಿ ಬರುವುದು. ಕಡೆಗೊಂದು ದಿನ ಜೋಶಿ ಮಾಸ್ತರರು ಬೇಲಿಯ ಹತ್ತಿರ ಬಂದು ಕೆಮ್ಮಿದರು.

“ನಿಂಬೆವ್ವಬಾಯಿ, ಹುಡುಗರ ಸೈಕಲ್ಲಿಗಿ ಸ್ವಲ್ಪ ಜಾಗಾ ಆದ್ರ…”

ಅತ್ತಿ ಇಂಥ ಸಂದರ್ಭ ಬಿಡುವವಳಲ್ಲ. “ನಿಮ್ಮ ಸೈಕಲ್ ಹೆಂಡಿ ಹಾಕ್ತಾವೇನ್ರಿ ಮಾಸ್ತರ್ರ?”

“ಇಲ್ಲ ಇಲ್ಲ!”

“ಹಂಗಾದ್ರ ಅವುಗೋಳಿಂದ ಫಾಯದೆ ಏನ? ಇರಲಿ, ತರ್ರಿ. ಹುಡುಗರು ನಮ್ಮವ.”

ಮಾಸ್ತರರೂ ನಕ್ಕರು. ಅಂದಿನಿಂದ ಸೈಕಲ್ಲುಗಳು ಮೇಟಿಯ ಸುತ್ತ ನಿಂತವು. ಮುಂದಿನ ಗಾಲಿ ಮೇಟಿಯ ಕಡೆಗೆ, ಎಲ್ಲದರೊಳಗಿಂದ ಒಂದೇ ಹಗ್ಗ. ರಾಜಾ ಮತ್ತು ದಿವಾನರಿಗೆ ನೆರಳಿನ ಕಡೆಯ ಜಾಗ ಬಿಟ್ಟು. ಹಗ್ಗ ಕಟ್ಟಿದ ಸೈಕಲ್ಲು ಓಡಿಹೋಗುವುದಿಲ್ಲ ಎಂದು ಅತ್ತಿಯ ನಂಬಿಕೆ. ನಿಜಕ್ಕೂ ಒಂದೂ ಕಳವಾಗಲಿಲ್ಲ. ಮಿಲ್ ಮಾಲಕರ ಮಗನಿರಲಿ, ಕಾರಕೂನನ ಮಗನಿರಲಿ, ಬೂಟು ಚಪ್ಪಲಿ ಬೇಲಿಯ ಹೊರಗೆ. “ಕಣ ಅದು, ಬಾಜಾರಲ್ಲ” ಅನ್ನುವುದು ಅತ್ತಿಯ ಕಾಯದೆ. ದಿನಾ ಬೆಳಿಗ್ಗೆ ಬೇಲಿಯ ಮುಂದೆ ಚಪ್ಪಲಿಯ ಗುಡ್ಡೆ ನೋಡಿ ಹೊಸಬರು ಅಲ್ಲಿ ಯಾವುದೋ ದೇವಸ್ಥಾನ ಇದೆಯೆಂದು ಕೈ ಮುಗಿದು ಹೋಗುತ್ತಿದ್ದರು.

ನಾನು ಮ್ಯಾಟ್ರಿಕ್ ಪಾಸಾದ ದಿನ ಅತ್ತಿ ರಾಜಾ ಮತ್ತು ದಿವಾನರಿಗೆ ಹೋಳಿಗೆ ತಿನ್ನಿಸಿದಳು. ನನಗೆ ಆಮೇಲೆ. ಮುಂದೆ ನಾನು ಟ್ರೇನಿಂಗ್ ಮುಗಿಸಿ ಅದೇ ಶಾಲೆಯಲ್ಲಿ ಮಾಸ್ತರಬಾಯಿ ಆದೆ. ಅತ್ತಿ ಬೇರೆ ಮಕ್ಕಳನ್ನು ಹೊತ್ತು ತರುತ್ತಲೇ ಇದ್ದಳು. ಆಮೇಲೆ ಅಕ್ಕಲಕೋಟೆ ರಸ್ತೆಗೆ ಸರ್ವಿಸ್ ಮೋಟಾರು ಬಂತು, ಊರ ಹುಡುಗರು ಅದನ್ನು ಹತ್ತಿದರು. ರಾಜಾ ಸತ್ತ. ಜೋಡಿ ಮುರಿದ ಮೇಲೆ ಅತ್ತಿ ಬೇರೆ ಎತ್ತು ಹೂಡಲಿಲ್ಲ.

ಕಡೆಯ ಸಲ ನಾನು ಅವಳನ್ನು ಕಂಡದ್ದು ಕುಂಭಾರಿಯ ಮನೆಯಲ್ಲಿ, ಪಡಸಾಲೆಯ ಹೊರಸಿನ ಮೇಲೆ. ದಿವಾನನನ್ನು ಕಣ್ಣಿಗೆ ಕಾಣುವಂತೆ ಅಂಗಳದಲ್ಲೇ ಕಟ್ಟಿಸಿದ್ದಳು. ಮೈ ಸಣ್ಣದಾಗಿತ್ತು, ದನಿ ಮಾತ್ರ ಅದೇ.

“ಕಣ ಹ್ಯಾಂಗದ ಕಮಳೀ?”

“ಸೈಕಲ್ ತುಂಬ್ಯಾವ ಅತ್ತಿ. ಕಾಲಿಡಾಕ ಜಾಗಾ ಇಲ್ಲ.”

“ಚಪ್ಪಲಿ ಕಳೀತಾರ?”

“ಕಳೀತಾರ.”

ಅತ್ತಿ ಅಂಗಳದ ದಿವಾನನ ಕಡೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದಳು. “ನಾ ಹ್ವಾದಮ್ಯಾಲ ಮೇಟಿ ಕಿತ್ತು ಸಾಹೇಬರ ಜಾಗಾ ಸಾಹೇಬರಿಗಿ ಒಪ್ಪಿಸಿ ಬಾ. ರಾಶಿ ಆಗೂತನಕ ಅಂತ ಮಾತ ಕೊಟ್ಟೀನಿ. ನಾ ಇಲ್ಲಂದ್ರ ರಾಶಿ ಆದಂಗ.” ನಾನು ಅಳುವುದನ್ನು ಕಂಡು, “ನೋಡ ಮತ್ತ ಸುರು ಮಾಡಿದ್ಲು. ಮಾಸ್ತರಬಾಯಿ ಆದ್ರೂ ಅಳೂದ ಬಿಡಲಿಲ್ಲ” ಎಂದು ಬೈದಳು. ನನ್ನ ಜೀವನದಲ್ಲಿ ಆ ಬೈಗುಳದಷ್ಟು ಸಿಹಿಯಾದದ್ದನ್ನು ಮತ್ತೆ ಕೇಳಲಿಲ್ಲ.

ಅವಳ ದಿನಕರ್ಮ ಮುಗಿದಮೇಲೆ ಅಪ್ಪ ಮತ್ತು ನಾನು ಹಾರೆ ತೆಗೆದುಕೊಂಡು ಸೊಲ್ಲಾಪುರಕ್ಕೆ ಬಂದೆವು. ಶಾಲೆ ನಡೆದಿತ್ತು. ಮೇಟಿಯ ಸುತ್ತ ಸೈಕಲ್ಲುಗಳು ಒತ್ತೊತ್ತಾಗಿ ನಿಂತಿದ್ದವು. ನಾಳೆಯಿಂದ ಇವೆಲ್ಲ ಎಲ್ಲಿ ಎಂದು ಜೋಶಿ ಮಾಸ್ತರರು ಕೈ ಹಿಸುಕಿಕೊಳ್ಳುತ್ತಿದ್ದರು. ದೂರದ ಹುಡುಗರು ಕೆಲವರು ಶಾಲೆ ಬಿಡುವ ಮಾತಾಡಿದ್ದರು. ಆದರೆ ಅತ್ತಿಯ ಮಾತು ಅತ್ತಿಯದೇ. ಅದನ್ನು ನಾನು ಮುರಿಯಲಾರೆ. ಹೇಳಿ ಕಳಿಸಿದಾಗ ತಾತ್ಯಾ ವಕೀಲರು ಮನೆಯಿಂದಲೇ ಬರಿಗಾಲಲ್ಲಿ ಬಂದರು. ಕೋರ್ಟು ಬಿಟ್ಟು ಬಹಳ ದಿನವಾಗಿತ್ತು, ಬೆನ್ನು ಬಾಗಿತ್ತು. ಬಂಗಲೆ ಯಾವಾಗ ಕಟ್ಟುವುದೆಂದು ಮಗ ಅವಸರ ಮಾಡುತ್ತಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು.

“ತಾತ್ಯಾಸಾಹೇಬ್ರ,” ಅಂದೆ. ದನಿ ಗಟ್ಟಿ ಮಾಡಿಕೊಂಡು ಅಂದೆ. “ಅತ್ತಿ ಹೇಳಿ ಹೋಗ್ಯಾಳ್ರಿ. ರಾಶಿ ಆತು. ನಿಮ್ಮ ಜಾಗಾ ನೀವು ತಗೋರಿ.”

ವಕೀಲರು ಮೇಟಿಯ ಬುಡ ನೋಡಿದರು. ಅತ್ತಿ ಹಾಸಿಗೆ ಹಿಡಿದಾಗಿನಿಂದ ಅಲ್ಲಿ ತೆನೆ ಇಡುವವರಿರಲಿಲ್ಲ. ಹಳೆಯದನ್ನು ಹಕ್ಕಿ ತಿಂದು ಮುಗಿಸಿದ್ದವು. ಅವರು ಸೈಕಲ್ಲುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದರು. ಮೇಟಿ ಹಿಡಿದು ನಿಧಾನವಾಗಿ ಬಾಗಿದರು. ಹೆಗಲ ಮೇಲಿನ ಉಪರಣೆಯ ಗಂಟು ಬಿಚ್ಚಿ ಒಂದು ಹಿಡಿ ಹೊಸ ಜೋಳದ ತೆನೆ ತೆಗೆದು ಬುಡಕ್ಕಿಟ್ಟರು. ಆಮೇಲೆ ನಮ್ಮ ಕಡೆ ತಿರುಗಿ, ಹಾರೆ ಹಿಡಿದು ನಿಂತ ಅಪ್ಪನನ್ನು ನೋಡಿ ಸಿಡುಕಿದರು.

“ಯಾರಂದ್ರು ಆತು ಅಂತ? ಇನ್ನ ಒಂದೀಟ ಉಳದಾವ.”

ಅಪ್ಪ ಹಾರೆ ಕೆಳಗಿಟ್ಟು ಕೈ ಮುಗಿದ. ಅಷ್ಟರಲ್ಲಿ ಸೂಟಿಯ ಗಂಟೆ ಬಾರಿಸಿತು. ಹುಡುಗರು ಹೋ ಎಂದು ಓಡಿ ಬಂದು, ಬೇಲಿಯ ಮುಂದೆ ಚಪ್ಪಲಿ ಕಳಚಿ ಕಣದೊಳಗೆ ನುಗ್ಗಿದರು. ನಾನು ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದು, ಆ ಗುಡ್ಡೆಯಲ್ಲಿ ನನ್ನ ಚಪ್ಪಲಿ ಹುಡುಕಿದೆ.